ಮನೆಯ ಮಾತು, ಶಾಲೆಯ ಮಾತು, ಮಗುವಿನ ಮನಸ್ಸು



ಸೊರಡಿಯಂತಹ ಊರಿನಲ್ಲಿ ಬೆಳೆಯುವ ಆರು ವರ್ಷದ ಮಗುವಿನ ಒಂದು ದಿನವನ್ನು ಗಮನವಿಟ್ಟು ನೋಡೋಣ. ಬೆಳಿಗ್ಗೆ ಅವ್ವ ಎಬ್ಬಿಸುವುದು ಕನ್ನಡದಲ್ಲಿ. ಜಿನಮಂದಿರದಲ್ಲಿ ಕೈಮುಗಿದು ಹೇಳುವ ಣಮೋಕಾರ ಮಂತ್ರ ಪ್ರಾಕೃತದಲ್ಲಿದೆ. ಬಸ್ಸಿನ ಹಣೆಯ ಮೇಲೆ, ಕಚೇರಿಯ ಫಲಕದ ಮೇಲೆ, ಪಡಿತರ ಚೀಟಿಯ ಮೇಲೆ ಕಾಣುವುದು ಮರಾಠಿ. ಮೊಬೈಲಿನ ಕಾರ್ಟೂನುಗಳು ಬಹುಪಾಲು ಹಿಂದಿ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದರೆ ಪುಸ್ತಕದಲ್ಲಿ ಐದನೆಯ ಭಾಷೆ. ನೆರೆಮನೆಯಲ್ಲಿ ವ್ಯಾಪಾರಕ್ಕೆ ಬಂದು ನೆಲೆಸಿದ ಗುಜರಾತಿ ಅಥವಾ ಮಾರವಾಡಿ ಜೈನ ಕುಟುಂಬವಿದ್ದರೆ ಇನ್ನೊಂದು ಭಾಷೆಯೂ ಕಿವಿಗೆ ಬೀಳುತ್ತದೆ. ದೊಡ್ಡವರಾದ ನಮಗೆ ಇದೆಲ್ಲ ರೂಢಿಯಾಗಿ ಹೋಗಿದೆ. ಮಗುವಿಗೆ ಮಾತ್ರ ಇದು ಪ್ರತಿದಿನದ ಒಂದು ಪ್ರಯಾಣ.

ಈ ಸ್ಥಿತಿ ನಿನ್ನೆ ಮೊನ್ನೆ ಉಂಟಾದುದಲ್ಲ. ಜತ್ತವು ಡಫಳೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಂದೆ ದಕ್ಷಿಣ ಸಾತಾರಾ ಎಂಬ ಜಿಲ್ಲೆಯ ಭಾಗವಾಯಿತು. ಆ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂದಿತು. 1956ರ ರಾಜ್ಯ ಪುನರ್ವಿಂಗಡಣೆಯ ಗೆರೆ ಇತ್ತ ಜತ್ತವನ್ನೂ ಅತ್ತ ಅಥಣಿ, ವಿಜಯಪುರಗಳನ್ನೂ ಬೇರೆ ಬೇರೆ ರಾಜ್ಯಗಳಲ್ಲಿ ಇರಿಸಿತು. ಬೀಗರು, ಬಂಧುಗಳು, ತೀರ್ಥಯಾತ್ರೆಗಳು ಗೆರೆಯ ಎರಡೂ ಕಡೆ ಹಾಗೆಯೇ ಉಳಿದವು. ಗಡಿಯ ವಾದ ಯಾರಿಗೆ ಎಷ್ಟು ನ್ಯಾಯವೆಂಬುದನ್ನು ಇಲ್ಲಿ ಚರ್ಚಿಸುವುದಿಲ್ಲ. ಅದಕ್ಕೆ ನ್ಯಾಯಾಲಯವಿದೆ, ರಾಜಕಾರಣಿಗಳಿದ್ದಾರೆ. ಗೆರೆಯ ಮೇಲೆ ನಿಂತ ಮಗುವಿನ ಮನಸ್ಸಿಗೆ ತಂದೆತಾಯಿಗಳಾದ ನಾವು ಏನು ಮಾಡಬಲ್ಲೆವು ಎಂಬುದಷ್ಟೇ ಈ ಲೇಖನದ ವಿಷಯ.

ಒಂದು ಪ್ರಸಂಗವನ್ನು ಊಹಿಸಿಕೊಳ್ಳಿ. ನಮ್ಮ ಕಡೆ ಅನೇಕ ಮನೆಗಳಲ್ಲಿ ಅಜ್ಜಿಗೆ ‘ಆಯಿ’ ಎನ್ನುತ್ತಾರೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಮರಾಠಿ ಶಾಲೆಯ ಮೊದಲ ವಾರ ಬಾಯಿಯವರು ಮಗುವನ್ನು ಪ್ರೀತಿಯಿಂದಲೇ ಕೇಳುತ್ತಾರೆ: ನಿನ್ನ ಆಯಿಯ ಹೆಸರೇನು? ಮಗು ಅಜ್ಜಿಯ ಹೆಸರನ್ನು ಹೇಳುತ್ತದೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಪಕ್ಕದ ಮಕ್ಕಳು ನಗುತ್ತಾರೆ. ದೊಡ್ಡವರ ಕಣ್ಣಿಗೆ ಇದು ಒಂದು ವಿನೋದ. ಮಗುವಿಗೆ ಹಾಗಲ್ಲ. ತಾನು ಅತ್ಯಂತ ಖಚಿತವಾಗಿ ಬಲ್ಲ ಒಂದು ಶಬ್ದ ಹೊಸ್ತಿಲು ದಾಟಿದೊಡನೆ ತಪ್ಪಾಯಿತು ಎಂಬ ಅನುಭವ ಅದು. ಮರುದಿನದಿಂದ ಮಗು ಬಾಯಿ ತೆರೆಯುವ ಮೊದಲು ಯೋಚಿಸತೊಡಗುತ್ತದೆ.

ಬಾಯಿ ತೆರೆಯದ ತಿಂಗಳುಗಳು

ಹೊಸ ಭಾಷೆಯ ಶಾಲೆಗೆ ಸೇರಿದ ಚಿಕ್ಕ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ತರಗತಿಯಲ್ಲಿ ಮಾತೇ ಆಡದೆ ಇರುವುದುಂಟು. ಭಾಷಾಕಲಿಕೆಯನ್ನು ಅಭ್ಯಾಸ ಮಾಡಿದವರು ಇದನ್ನು ಮೌನದ ಅವಧಿ ಎಂದೇ ಕರೆಯುತ್ತಾರೆ. ಆ ಅವಧಿಯಲ್ಲಿ ಮಗು ಸುಮ್ಮನೆ ಕುಳಿತಂತೆ ಕಂಡರೂ ಒಳಗೆ ಕೆಲಸ ನಡೆದಿರುತ್ತದೆ. ಕೇಳುತ್ತಿರುತ್ತದೆ, ಮುಖಗಳನ್ನು ಓದುತ್ತಿರುತ್ತದೆ, ಯಾವ ಶಬ್ದಕ್ಕೆ ಯಾರು ಏಳುತ್ತಾರೆ, ಯಾರು ಕೂರುತ್ತಾರೆ ಎಂದು ಲೆಕ್ಕ ಹಾಕುತ್ತಿರುತ್ತದೆ. ಮೊದಲು ತಲೆಯಾಡಿಸುವುದು, ಆಮೇಲೆ ಒಂದೊಂದು ಶಬ್ದ, ಆಮೇಲೆ ಕಲಿತ ವಾಕ್ಯಗಳು, ಕೊನೆಗೆ ಸ್ವಂತ ವಾಕ್ಯಗಳು. ಬೆಳೆ ಏಳುವ ಮೊದಲು ನೆಲದೊಳಗೆ ಬೇರು ಇಳಿಯುವ ಹಾಗೆ. ಜತ್ತದ ಒಣನೆಲದ ಒಕ್ಕಲುತನ ಮಾಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಹೊತ್ತಿನಲ್ಲಿ ಮನೆಯವರು ಹೆದರಿ ಮಾಡುವ ಒಂದು ಕೆಲಸವಿದೆ. ‘ನಾಳೆಯಿಂದ ಮನೆಯಲ್ಲಿಯೂ ಮರಾಠಿಯನ್ನೇ ಮಾತನಾಡೋಣ’ ಎಂದು ತಂದೆ ತೀರ್ಮಾನಿಸುತ್ತಾರೆ. ಇಂಗ್ಲಿಷ್ ಶಾಲೆಯಾದರೆ ‘ಕಮ್’, ‘ಸಿಟ್’, ‘ಈಟ್’ ಆರಂಭವಾಗುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಅವ್ವನಿಗೆ ಸರಾಗವಾಗಿ ಬಾರದ ಭಾಷೆಯಲ್ಲಿ ಆಜ್ಞೆಗಳನ್ನು ಮಾತ್ರ ಕೊಡಬಹುದು. ಕಥೆ ಹೇಳಲು, ಸಮಾಧಾನ ಮಾಡಲು, ಮಗು ಕೇಳುವ ನೂರು ‘ಯಾಕೆ’ಗಳಿಗೆ ಉತ್ತರಿಸಲು ಆಗುವುದಿಲ್ಲ. ಹೀಗೆ ಮಗು ಶಾಲೆಯಲ್ಲಿ ಕಳೆದುಕೊಂಡ ಮಾತನ್ನು ಮನೆಯಲ್ಲಿಯೂ ಕಳೆದುಕೊಳ್ಳುತ್ತದೆ. ಮನೆಯ ಭಾಷೆಯಲ್ಲಿ ಎಣಿಕೆ, ಕಾರಣ, ಹೋಲಿಕೆ, ಹಿಂದು-ಮುಂದು ಎಂಬ ಕಲ್ಪನೆಗಳು ಗಟ್ಟಿಯಾದ ಮಗು ಎರಡನೆಯ ಭಾಷೆಯಲ್ಲಿ ಅವುಗಳಿಗೆ ಹೊಸ ಹೆಸರನ್ನಷ್ಟೇ ಕಲಿಯಬೇಕಾಗುತ್ತದೆ. ಯುನೆಸ್ಕೊ 1953ರಲ್ಲಿಯೇ ಪ್ರಾರಂಭದ ಶಿಕ್ಷಣಕ್ಕೆ ತಾಯ್ನುಡಿಯೇ ಉತ್ತಮ ಸಾಧನವೆಂದು ಪ್ರಕಟಿಸಿದ ವರದಿಯ ತಿರುಳೂ ಇದೇ.

ಮಗು ಎರಡು ಭಾಷೆಗಳನ್ನು ಬೆರೆಸಿ ಮಾತನಾಡಿದರೆ ಗೊಂದಲವಾಗಿದೆ ಎಂದು ತಿಳಿಯಬೇಕಾಗಿಲ್ಲ. ‘ಆಯೀ, ನನಗ ಪಾಣಿ ಬೇಕು’ ಎಂದರೆ ಆಯಿ ನೀರು ಕೊಡಲಿ, ಕೊಡುವಾಗ ‘ನೀರು ಬೇಕೇನೋ ತಮ್ಮಾ, ತಗೋ’ ಎನ್ನಲಿ. ತಿದ್ದುವಿಕೆ ಅಷ್ಟರಲ್ಲಿಯೇ ಆಯಿತು. ಫ್ರಾನ್ಸಿನ ಭಾಷಾವಿದ್ವಾಂಸ ಜೂಲ್ ರೋಂಜಾ ತಮ್ಮ ಮಗನೊಡನೆ ತಾವು ಫ್ರೆಂಚನ್ನೂ ಪತ್ನಿ ಜರ್ಮನನ್ನೂ ತಪ್ಪದೆ ಮಾತನಾಡಿ, ಅವನ ಭಾಷೆ ಬೆಳೆದ ಬಗೆಯನ್ನು 1913ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ಬಾಲಕ ಎರಡನ್ನೂ ಕಲಿತ. ಅಷ್ಟು ಕಟ್ಟುನಿಟ್ಟು ನಮ್ಮ ಕೂಡುಕುಟುಂಬಗಳಲ್ಲಿ ಸಾಧ್ಯವೂ ಇಲ್ಲ, ಅವಶ್ಯಕವೂ ಇಲ್ಲ. ಸೊಸೆ ಮರಾಠಿ ಮನೆಯಿಂದ ಬಂದಿದ್ದರೆ ಆಕೆ ತನ್ನ ಮಗುವಿನೊಡನೆ ಮರಾಠಿಯಲ್ಲಿಯೇ ಮಾತನಾಡಲಿ. ಅತ್ತೆ ಕನ್ನಡವನ್ನು ಬಿಡದಿರಲಿ. ಆಕೆಯ ಮಾತನ್ನು ಮನೆಯವರು ಹಾಸ್ಯ ಮಾಡಿದರೆ ಮಗು ಕಲಿಯುವುದು ಹಾಸ್ಯ ಮಾಡುವುದನ್ನೇ.

ಎಚ್ಚರ ವಹಿಸಬೇಕಾದ ಸಂದರ್ಭ ಬೇರೆ ಇದೆ. ಎರಡು ವರ್ಷ ತುಂಬಿದರೂ ಮಗು ಯಾವ ಭಾಷೆಯಲ್ಲಿಯೂ ಎರಡು ಶಬ್ದಗಳನ್ನು ಜೋಡಿಸದಿದ್ದರೆ, ಕರೆದಾಗ ತಿರುಗಿ ನೋಡದಿದ್ದರೆ, ‘ಎರಡು ಭಾಷೆಯ ಮನೆ, ತಡವಾಗುತ್ತದೆ’ ಎಂದು ಸುಮ್ಮನಿರಬಾರದು. ಮಕ್ಕಳ ವೈದ್ಯರಲ್ಲಿ ಕಿವಿಯ ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಗು ಶಾಲೆಯಲ್ಲಿ ಹಲವು ತಿಂಗಳು ಕಳೆದರೂ ಒಂದು ಶಬ್ದವನ್ನೂ ಆಡದಿದ್ದರೆ, ಅದರಲ್ಲಿ ಭಯವೇ ಹೆಚ್ಚಾಗಿರಬಹುದು. ಆಗಲೂ ತಜ್ಞರ ಸಲಹೆ ಬೇಕು. ಗದರಿಸಿ ಮಾತನಾಡಿಸಲು ಹೋದರೆ ಆ ಬೀಗ ಇನ್ನಷ್ಟು ಬಿಗಿಯಾಗುತ್ತದೆ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿ ಮುಗಿಸಬಹುದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸೌಕರ್ಯ ಒದಗಿಸಬೇಕೆಂದು 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಹೇಳುತ್ತದೆ. ಸಾಂಗಲಿ ಜಿಲ್ಲಾ ಪರಿಷತ್ತು ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳನ್ನು ನಡೆಸುತ್ತ ಬಂದಿರುವುದು ಈ ದೃಷ್ಟಿಯಿಂದ ದೊಡ್ಡ ಉಪಕಾರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನ ಬೋಧನೆಯನ್ನೇ ಬಯಸುತ್ತದೆ. ಆದರೆ ಶಾಲೆಯ ಹೆಸರು ಕನ್ನಡವಾಗಿದ್ದರೆ ಸಾಲದು. 2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಎದ್ದ ಆಕ್ಷೇಪ ನಮಗೆಲ್ಲ ತಿಳಿದಿದೆ. ಆ ಶಿಕ್ಷಕರದೂ ತಪ್ಪಿಲ್ಲ, ಮಕ್ಕಳದೂ ತಪ್ಪಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಇಬ್ಬರೂ ಕಷ್ಟಪಡುತ್ತಾರೆ. ಮರುವರ್ಷ, 2025ರ ಏಪ್ರಿಲ್‌ನಲ್ಲಿ, ಮರಾಠಿ ಮತ್ತು ಇಂಗ್ಲಿಷ್ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಲಿಸುವ ಆದೇಶ ಹೊರಟಿತು. ಮರಾಠಿ ಪಾಲಕರೇ ‘ಚಿಕ್ಕ ಮಕ್ಕಳ ಮೇಲೆ ಇಷ್ಟು ಹೊರೆ ಬೇಡ’ ಎಂದು ಎದ್ದು ನಿಂತುದರಿಂದ ಜೂನ್ 29ರಂದು ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಮರಾಠಿ ತಾಯಿಯ ಅಂದಿನ ಕಳವಳ ಮತ್ತು ಕನ್ನಡ ತಾಯಿಯ ಕಳವಳ ಒಂದೇ ಎಂಬುದನ್ನು ಗಮನಿಸಬೇಕು.

ಆಯಿಯ ಮುಂದೆ ನಾಚಿಕೆ

ಮೌನಕ್ಕಿಂತ ಹೆಚ್ಚು ಚಿಂತಿಸಬೇಕಾದುದು ಅದರ ನಂತರ ಬರುವ ನಾಚಿಕೆ. ಏಳು-ಎಂಟು ವರ್ಷದ ಹೊತ್ತಿಗೆ ಮಗು ಶಾಲೆಯ ಮಾತನ್ನು ಕಲಿತು ಗೆದ್ದಿರುತ್ತದೆ. ಆಗ ಒಂದು ದಿನ, ‘ನನ್ನ ಗೆಳೆಯರು ಬಂದಾಗ ನೀ ಮಾತಾಡಬ್ಯಾಡ ಆಯಿ’ ಎನ್ನುತ್ತದೆ. ಸಾಂಗಲಿ, ಮಿರಜ, ಪುಣೆ, ಮುಂಬಯಿಗಳಲ್ಲಿ ಉದ್ಯೋಗಕ್ಕಾಗಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಇದು ಇನ್ನೂ ಬೇಗ ಬರುತ್ತದೆ. ಜಾತ್ರೆಗೆ, ಪರ್ವಕ್ಕೆ ಊರಿಗೆ ಬಂದ ಮೊಮ್ಮಕ್ಕಳು ಮತ್ತು ಅಜ್ಜ-ಅಜ್ಜಿಯರ ನಡುವೆ ಮಗನೋ ಸೊಸೆಯೋ ದುಭಾಷಿಯಾಗಿ ಕುಳಿತಿರುವುದನ್ನು ನೋಡಿದರೆ ಯಾರಿಗಾದರೂ ಮನಸ್ಸು ಭಾರವಾಗುತ್ತದೆ. ಮಗು ಆ ಮಾತನ್ನು ಕೆಟ್ಟ ಮನಸ್ಸಿನಿಂದ ಆಡಿರುವುದಿಲ್ಲ. ಹೊರಗೆ ತನಗೆ ಆದ ಅವಮಾನವನ್ನು ಒಳಗೆ ಬರಗೊಡಬಾರದೆಂದು ಅದು ಬಾಗಿಲು ಹಾಕುತ್ತಿದೆ. ಬೈದರೆ ಬಾಗಿಲು ತೆರೆಯದು. ‘ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರೇನು?’ ಎಂದು ಕೇಳಿ ಸುಮ್ಮನೆ ಕಾಯಬೇಕು. ಉತ್ತರ ಅದೇ ದಿನ ಬಾರದಿರಬಹುದು.

ನಾಚಿಕೆಗೆ ಉಪದೇಶಕ್ಕಿಂತ ಕಣ್ಣಾರೆ ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಶ್ರವಣಬೆಳಗೊಳಕ್ಕೆ ಮಕ್ಕಳನ್ನು ಕರೆದೊಯ್ದಾಗ ನಾವು ಗೊಮ್ಮಟೇಶ್ವರನ ಎತ್ತರವನ್ನು ತೋರಿಸುತ್ತೇವೆ. ಪಾದಗಳ ಬದಿಯನ್ನು ತೋರಿಸುವವರು ಕಡಿಮೆ. ಅಲ್ಲಿ ಶಿಲೆಯ ಮೇಲೆ ಚಾವುಂಡರಾಯನು ಈ ಮೂರ್ತಿಯನ್ನು ಮಾಡಿಸಿದನೆಂಬ ಒಂದೇ ಸಂಗತಿಯನ್ನು ಕನ್ನಡದಲ್ಲಿ, ತಮಿಳಿನಲ್ಲಿ ಮತ್ತು ಮರಾಠಿಯಲ್ಲಿ ಕೆತ್ತಲಾಗಿದೆ. ಆ ಮರಾಠಿ ಸಾಲನ್ನು ಮರಾಠಿ ಭಾಷೆಯ ಅತಿ ಹಳೆಯ ಶಾಸನಗಳ ಸಾಲಿನಲ್ಲಿ ವಿದ್ವಾಂಸರು ಹೆಸರಿಸುತ್ತಾರೆ. ಮರಾಠಿ ಶಾಲೆಯಲ್ಲಿ ನಾಗರಿ ಲಿಪಿ ಕಲಿತ ಮಗು ಅಲ್ಲಿ ಕೆಲವು ಅಕ್ಷರಗಳನ್ನಾದರೂ ಗುರುತಿಸೀತು. ಕನ್ನಡನಾಡಿನ ನಡುವೆ, ಬಾಹುಬಲಿಯ ಪಾದದ ಬಳಿ, ಎರಡೂ ಭಾಷೆಗಳು ಒಂದೇ ಬಂಡೆಯ ಮೇಲಿವೆ ಎಂದು ತಿಳಿದ ಮಗುವಿಗೆ ಯಾವುದನ್ನು ಬಚ್ಚಿಡಬೇಕು ಎಂಬ ಪ್ರಶ್ನೆ ಸ್ವಲ್ಪ ಹಗುರವಾಗುತ್ತದೆ. ಆದಿಕವಿ ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಇಂದಿನ ತೆಲಂಗಾಣದ ಕುರ್ಕ್ಯಾಲದ ಬಳಿ ಬೆಟ್ಟದ ಮೇಲೆ ಹಾಕಿಸಿದ ಶಾಸನವೂ ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿದೆ. ಜೈನ ಕುಟುಂಬಗಳು ಭಾಷೆಗಳ ನಡುವೆ ಬದುಕಿದ್ದು ಹೊಸತೇನೂ ಅಲ್ಲ.

‘ಕನ್ನಡ ಹಿಡಿದು ಕೂತರೆ ಮುಂದೆ ಏನಾಗುತ್ತಾನೆ?’ ಎಂದು ಕೇಳುವ ತಂದೆಯರಿಗೆ ಸದಲಗಾ ಎಂಬ ಒಂದು ಊರನ್ನು ತೋರಿಸಬಹುದು. ಅದು ಬೆಳಗಾವಿ ಜಿಲ್ಲೆಯಲ್ಲಿ, ಇದೇ ಗಡಿಯ ಮೇಲಿದೆ. ಡಾ. ಆ.ನೇ. ಉಪಾಧ್ಯೆ (1906-1975) ಅಲ್ಲಿ ಹುಟ್ಟಿದವರು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕ ಅರ್ಧಮಾಗಧಿಯನ್ನು ಬೋಧಿಸಿದರು. ಪ್ರಾಕೃತ, ಸಂಸ್ಕೃತ ಗ್ರಂಥಗಳನ್ನು ಇಂಗ್ಲಿಷ್ ಪ್ರಸ್ತಾವನೆಗಳೊಂದಿಗೆ ಸಂಪಾದಿಸಿ ಲೋಕದ ವಿದ್ವಾಂಸರ ಮುಂದಿರಿಸಿದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. 2024ರ ಫೆಬ್ರವರಿಯಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರ ಮಹಾರಾಜರೂ ಅದೇ ಸದಲಗಾದವರು. ಕನ್ನಡದಲ್ಲಿ ಶಾಲೆ ಕಲಿತ ಅವರು ‘ಮೂಕಮಾಟಿ’ ಮಹಾಕಾವ್ಯವನ್ನು ಬರೆದುದು ಹಿಂದಿಯಲ್ಲಿ. ಈ ಹೆಸರುಗಳನ್ನು ಹೇಳಿದುದು ಪಾಲಕರ ಅಂಜಿಕೆ ಕಳೆಯಲೆಂದು ಮಾತ್ರ. ‘ನೋಡು, ನೀನೂ ಹಾಗೆ ಆಗಬೇಕು’ ಎಂದು ಆರು ವರ್ಷದ ಹೆಗಲ ಮೇಲೆ ಇವರನ್ನು ಹೊರಿಸುವುದು ಬೇಡ.

ಭಾಷಾಸಮಿತಿ

ಇಷ್ಟು ಹೊತ್ತು ಯಾವ ಭಾಷೆ ಎಂಬ ಮಾತಾಯಿತು. ಮಗುವಿನ ಮನಸ್ಸಿಗೆ ಅದಕ್ಕಿಂತ ದೊಡ್ಡದು, ಆ ಭಾಷೆಯನ್ನು ನಾವು ಹೇಗೆ ಆಡುತ್ತೇವೆ ಎಂಬುದು. ಮುನಿಗಳ ಐದು ಸಮಿತಿಗಳಲ್ಲಿ ಎರಡನೆಯದು ಭಾಷಾಸಮಿತಿ. ಹಿತವಾಗಿ, ಮಿತವಾಗಿ, ಪ್ರಿಯವಾಗಿ ಮಾತನಾಡುವ ಎಚ್ಚರ ಅದು. ಗೃಹಸ್ಥರಿಗೆ ಅದನ್ನು ಪೂರ್ಣವಾಗಿ ಪಾಲಿಸುವುದು ಅಸಾಧ್ಯವೆಂಬುದು ಸರಿ. ಆದರೆ ಇರುವೆಯನ್ನು ತುಳಿಯದೆ ದಾಟುವ ನಾವು ಮಗುವಿನ ಮೇಲೆ ಆಡುವ ಮಾತುಗಳನ್ನು ಒಮ್ಮೆ ಕೇಳಿಸಿಕೊಳ್ಳಬೇಕು. ಗುಮ್ಮ ಬಂದ. ಪೊಲೀಸ ಹಿಡಕೊಂಡು ಹೋಗತಾನ. ಗಂಡುಹುಡುಗ ಆಗಿ ಅಳತೀ. ಅಕ್ಕನ್ನ ನೋಡಿ ಕಲಿ. ಇವುಗಳಲ್ಲಿ ಹಿತವೂ ಇಲ್ಲ, ಪ್ರಿಯವೂ ಇಲ್ಲ.

ಮೂರು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಿ ಅಳುವಾಗ ಅದಕ್ಕೆ ಹೇಳಲು ಶಬ್ದವಿರುವುದಿಲ್ಲ, ದೇಹವೇ ಶಬ್ದವಾಗಿರುತ್ತದೆ. ಆ ಶಬ್ದವನ್ನು ನಾವು ಕೊಡಬೇಕು. ಕನ್ನಡದಲ್ಲಿ ಅದಕ್ಕೆ ಬಡತನವಿಲ್ಲ. ಸಿಟ್ಟು ಬೇರೆ, ಮುನಿಸು ಬೇರೆ. ಅಂಜಿಕೆ ಬೇರೆ, ಕಳವಳ ಬೇರೆ. ಬ್ಯಾಸರ, ನಾಚಿಕೆ, ಹೊಟ್ಟೆಕಿಚ್ಚು, ಮರುಕ, ಹೀಗೆ ಪ್ರತಿಯೊಂದಕ್ಕೂ ನಮ್ಮ ಅಜ್ಜಿಯರ ಬಾಯಲ್ಲಿ ಹೆಸರಿದೆ. ‘ತಮ್ಮ ಹುಟ್ಟಿದ ಮೇಲೆ ನಿನಗೆ ಹೊಟ್ಟೆಕಿಚ್ಚು ಆಗೇದೇನವ್ವಾ? ಆಗತದ. ಬಾ, ನನ್ನ ತೊಡೆ ಮೇಲೆ ಕೂಡು’ ಎಂದರೆ ಮಗು ತನ್ನೊಳಗಿನ ಉರಿಗೆ ಹೆಸರನ್ನೂ, ಆ ಹೆಸರು ಹೇಳಿದರೆ ಯಾರೂ ಹೊಡೆಯುವುದಿಲ್ಲವೆಂಬುದನ್ನೂ ಒಟ್ಟಿಗೆ ಕಲಿಯುತ್ತದೆ. ಹಾಗೆಂದು ತಮ್ಮನನ್ನು ಚಿವುಟಲು ಬಿಡಬೇಕಾಗಿಲ್ಲ. ಕೈಯನ್ನು ತಡೆಯಬೇಕು, ಸಿಟ್ಟನ್ನು ತಡೆಯಬೇಕಾಗಿಲ್ಲ.

ಶಬ್ದಗಳ ವಿಷಯದಲ್ಲಿ ಗಡಿಯ ಮಗುವಿಗೆ ಒಂದು ವಿಶೇಷ ತೊಡಕಿದೆ. ‘ರಾಗ’ ಎಂದರೆ ಕನ್ನಡದಲ್ಲಿ ಹಾಡಿನ ಧಾಟಿ. ಮರಾಠಿಯಲ್ಲಿ ರಾಗ ಎಂದರೆ ಕೋಪ. ಪಾಠಶಾಲೆಯಲ್ಲಿ ಪಂಡಿತರು ರಾಗ-ದ್ವೇಷ ಎಂದಾಗ ರಾಗವೆಂದರೆ ಆಸಕ್ತಿ, ಮೋಹ. ಹಾಗೆಯೇ ಕನ್ನಡ, ಮರಾಠಿಗಳೆರಡರಲ್ಲಿಯೂ ಶಿಕ್ಷೆ ಎಂದರೆ ದಂಡನೆ. ಹಿಂದಿಯವರ ಬಾಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ. ‘ವೀತರಾಗ’ ಎಂಬುದಕ್ಕೆ ಸಿಟ್ಟು ಹೋದವನು ಎಂದು ಮರಾಠಿ ಶಾಲೆಯ ಮಗು ಅರ್ಥ ಹೇಳಿದರೆ ಅದನ್ನು ದಡ್ಡತನವೆನ್ನಬಾರದು. ಆ ಮಗು ಎರಡು ಭಾಷೆಗಳನ್ನು ಹೋಲಿಸಿ ಯೋಚಿಸಿದೆ. ಅರ್ಧ ಸರಿಯನ್ನೂ ಹೇಳಿದೆ. ಪಾಠಶಾಲೆ ನಡೆಸುವವರು ಇಂಥ ಶಬ್ದಗಳನ್ನು ಮೊದಲೇ ಬಿಡಿಸಿ ಹೇಳಿದರೆ ಮಕ್ಕಳಿಗೆ ಅದು ಆಟದಂತೆ ಆಗುತ್ತದೆ.

ತಟ್ಟೆಯ ಮುಂದೆ

ಭಾಷೆಯ ನಂತರ ನಮ್ಮ ಮಕ್ಕಳು ಬೇರೆಯಾಗಿ ಕಾಣುವುದು ಊಟದಲ್ಲಿ. ಮಹಾರಾಷ್ಟ್ರದ ಶಾಲೆಗಳ ಮಧ್ಯಾಹ್ನದ ಊಟದಲ್ಲಿ 2023ರ ನವೆಂಬರಿನಿಂದ ವಾರಕ್ಕೊಮ್ಮೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಎಂಬ ವ್ಯವಸ್ಥೆ ಬಂದಿತ್ತು. 2025ರ ಜನವರಿಯಲ್ಲಿ ಸರ್ಕಾರ ಮೊಟ್ಟೆಗೆ ಹಣ ಕೊಡುವುದನ್ನು ನಿಲ್ಲಿಸಿತು. ಗಡಿಯಾಚೆ ಕರ್ನಾಟಕದ ಶಾಲೆಗಳಲ್ಲಿಯೂ ಮೊಟ್ಟೆ ಅಥವಾ ಬಾಳೆಹಣ್ಣಿನ ವ್ಯವಸ್ಥೆ ಇದೆ. ಮೊಟ್ಟೆಯ ಪರ-ವಿರೋಧದ ವಾದ ಪತ್ರಿಕೆಗಳಲ್ಲಿ ಸಾಕಷ್ಟು ನಡೆದಿದೆ. ಬಾಳೆಹಣ್ಣು ಹಿಡಿದು ಪಂಕ್ತಿಯಲ್ಲಿ ಕುಳಿತ ಮಗುವಿನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದವರು ಕಡಿಮೆ.

ಆ ಮಗುವಿಗೆ ಎರಡು ಅಪಾಯಗಳಿವೆ. ತಾನು ಕಡಿಮೆಯವನೆಂದು ಕುಗ್ಗುವುದು ಒಂದು. ಪಕ್ಕದವನ ತಟ್ಟೆ ನೋಡಿ ‘ಛೀ’ ಎನ್ನುವುದು ಇನ್ನೊಂದು. ಎರಡನೆಯದನ್ನು ನಾವು ಕೆಲವೊಮ್ಮೆ ಸಂಸ್ಕಾರವೆಂದು ಭ್ರಮಿಸಿ ಮೆಚ್ಚುವುದುಂಟು. ಹಸಿವಿನಿಂದ ಶಾಲೆಗೆ ಬಂದ ಮಗುವಿನ ತುತ್ತಿಗೆ ‘ಛೀ’ ಎನ್ನುವುದು ಅಹಿಂಸೆ ಹೇಗಾದೀತು? ‘ನಮ್ಮ ಮನೆಯಲ್ಲಿ ತಿನ್ನುವುದಿಲ್ಲ, ಜೀವಗಳಿಗೆ ನೋವಾಗಬಾರದೆಂದು’ ಎಂಬ ಒಂದು ವಾಕ್ಯವನ್ನು ಮಗುವಿಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬಾಯಿಗೆ ಬರುವಂತೆ ಹೇಳಿಕೊಡಬೇಕು. ಉತ್ತರ ಕೈಯಲ್ಲಿದ್ದರೆ ಮಗು ಕುಗ್ಗುವುದೂ ಇಲ್ಲ, ಜಗಳಕ್ಕೂ ಹೋಗುವುದಿಲ್ಲ. ಸೂರ್ಯಾಸ್ತದ ನಂತರ ಹುಟ್ಟುಹಬ್ಬದ ಕೂಟವಿದ್ದರೆ ಮನೆಯಲ್ಲಿ ಊಟ ಮುಗಿಸಿ, ಆಟಕ್ಕೂ ಹಾಡಿಗೂ ಕಳುಹಿಸಬಹುದು. ಗೆಳೆಯನ ಅವ್ವನಿಗೆ ಮೊದಲೇ ತಿಳಿಸಿದರೆ ಅವರೂ ಬೇಸರಪಡುವುದಿಲ್ಲ.

ನಿಯಮವನ್ನು ಭಯದಿಂದ ಕಲಿಸಿದರೆ ಅದು ಭಯವಿರುವವರೆಗೆ ಮಾತ್ರ ಇರುತ್ತದೆ. ಈರುಳ್ಳಿ ತಿಂದ ಐದು ವರ್ಷದ ಮಗುವಿಗೆ ನರಕದ ಚಿತ್ರ ತೋರಿಸುವುದರಿಂದ ರಾತ್ರಿ ಹಾಸಿಗೆ ಒದ್ದೆಯಾದೀತೇ ಹೊರತು ಜೀವದಯೆ ಬೆಳೆಯದು. ಎಂಟು ವರ್ಷ ತುಂಬುವ ಮೊದಲು ವ್ರತ ಹಿಡಿಯುವ ಯೋಗ್ಯತೆ ಬರುವುದಿಲ್ಲವೆಂಬುದು ನಮ್ಮ ಪರಂಪರೆಯ ತಿಳಿವಳಿಕೆಯೇ ಆಗಿದೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳ ಹಿಂದೆ ‘ಶಕ್ತಿತಃ’ ಎಂಬ ಶಬ್ದವನ್ನು ಹಿರಿಯರು ಸುಮ್ಮನೆ ಇಟ್ಟಿಲ್ಲ. ದಶಲಕ್ಷಣ ಪರ್ವದಲ್ಲಿ ಚಿಕ್ಕ ಮಕ್ಕಳ ಉಪವಾಸಗಳನ್ನು ಎಣಿಸಿ, ಹಾರ ಹಾಕಿ, ಫಲಕದಲ್ಲಿ ಚಿತ್ರ ಹಾಕಿಸುವ ಸ್ಪರ್ಧೆ ಕೆಲವು ಊರುಗಳಲ್ಲಿ ಬೆಳೆಯುತ್ತಿದೆ. 2016ರಲ್ಲಿ ಹೈದರಾಬಾದಿನಲ್ಲಿ ದೀರ್ಘ ಉಪವಾಸ ಮುಗಿಸಿದ ಬಾಲಕಿಯೊಬ್ಬಳು ತೀರಿಕೊಂಡ ಸುದ್ದಿ ದೇಶವನ್ನೆಲ್ಲ ಕಲಕಿತ್ತು. ‘ಮಗುವೇ ಹಟ ಹಿಡಿಯಿತು’ ಎಂಬ ಸಮಾಧಾನ ಸಾಲದು. ಮಗು ಹಟ ಹಿಡಿಯುವುದು ನಮ್ಮ ಕಣ್ಣಲ್ಲಿ ಮೆಚ್ಚುಗೆಯನ್ನು ಕಂಡಾಗ. ಬೆಳೆಯುವ ದೇಹಕ್ಕೆ ಊಟ ಬೇಕ��. ಒಂದು ಹೊತ್ತು ಸಿಹಿ ಬಿಡುವುದು, ಆಟಿಕೆಯನ್ನು ಹಂಚಿಕೊಳ್ಳುವುದು ಅವರ ಶಕ್ತಿಗೆ ತಕ್ಕ ತ್ಯಾಗ.

ದಿಗಂಬರ ಮುನಿಗಳ ವಿಹಾರ ಊರಿಗೆ ಬಂದಾಗ ಮಕ್ಕಳು ಎದುರಿಸುವ ಇನ್ನೊಂದು ಇಕ್ಕಟ್ಟಿದೆ. ಅದನ್ನು ನಾವು ಬಾಯಿಬಿಟ್ಟು ಮಾತನಾಡುವುದಿಲ್ಲ. ‘ನಿಮ್ಮ ಸ್ವಾಮಿಗಳು ಬಟ್ಟೆ ಯಾಕೆ ಹಾಕುವುದಿಲ್ಲ?’ ಎಂದು ಸಹಪಾಠಿಗಳು ನಗುತ್ತಾರೆ. ಮನೆಯಲ್ಲಿ ಕೇಳಿದರೆ ‘ಹಾಗೆಲ್ಲ ಕೇಳಬಾರದು, ಪಾಪ’ ಎಂದು ಬಾಯಿ ಮುಚ್ಚಿಸುತ್ತೇವೆ. ಮಗುವಿನ ಪ್ರಶ್ನೆ ಸರಳವಾದುದು, ಉತ್ತರವೂ ಸರಳವಾಗಿರಲಿ: ಅವರು ನನ್ನದು ಎಂಬುದೆಲ್ಲವನ್ನೂ ಬಿಟ್ಟಿದ್ದಾರೆ, ಮನೆ ಬಿಟ್ಟರು, ಹಣ ಬಿಟ್ಟರು, ಬಟ್ಟೆಯನ್ನೂ ಬಿಟ್ಟರು, ಹುಳುವಿಗೆ ನೋವಾಗದಂತೆ ನೆಲ ಸವರಲು ಪಿಂಛಿ, ನೀರಿಗೆ ಕಮಂಡಲು ಇವೆರಡು ಮಾತ್ರ ಇವೆ. ಕೇಶಲೋಚವನ್ನು ನೋಡಿ ಅಳುವ ಮಗುವನ್ನು ಹಿಡಿದು ಕೂರಿಸಬೇಕಾಗಿಲ್ಲ. ಬೇರೆಯವರ ನೋವನ್ನು ಕಂಡು ಅದಕ್ಕೆ ಅಳು ಬಂದಿದೆ. ಎತ್ತಿಕೊಂಡು ಹೊರಗೆ ಬಂದರೆ ಯಾವ ಧರ್ಮಕ್ಕೂ ಕುಂದಿಲ್ಲ.

ಇಷ್ಟೆಲ್ಲ ಕೇಳಿ, ‘ಹಾಗಾದರೆ ಮಗುವಿಗೆ ನೋವೇ ತಾಗದಂತೆ ಸಾಕಬೇಕೇ?’ ಎಂಬ ಪ್ರಶ್ನೆ ಬರಬಹುದು. ಇದಕ್ಕೆ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯನ್ನು ನೆನೆಯಬೇಕು. ಮಗನು ಮುನಿಯನ್ನು ಕಂಡರೆ ಮನೆ ಬಿಡುವನೆಂದು ಕೇಳಿದ ತಾಯಿ ಯಶೋಭದ್ರೆ ಮನೆಗೆ ಮುನಿಗಳು ಬಾರದಂತೆ ಮಾಡಿ, ಸುಖದ ಕೋಟೆಯೊಳಗೆ ಅವನನ್ನು ಬೆಳೆಸಿದಳು. ಅರಸನು ಅವನನ್ನು ನೋಡಲು ಬಂದಾಗ, ಮಂಗಳಕ್ಕೆಂದು ಎರಚಿದ ಸಾಸಿವೆಕಾಳುಗಳು ಒತ್ತಿ ಅವನಿಗೆ ಕೂರಲಾಗಲಿಲ್ಲ. ರತ್ನಗಳ ಬೆಳಕನ್ನಷ್ಟೇ ಕಂಡ ಕಣ್ಣುಗಳಲ್ಲಿ ದೀಪದ ಬೆಳಕಿಗೆ ನೀರು ಬಂದಿತು. ಅರಸನು ಇದನ್ನು ರೋಗವೆಂದೇ ತಿಳಿದ. ಕೊನೆಗೆ ಆ ಕೋಟೆ ಅವನನ್ನು ತಡೆಯಲಿಲ್ಲ. ಪಕ್ಕದಲ್ಲಿದ್ದ ಮುನಿಯ ಪಾಠದ ಧ್ವನಿ ಕಿವಿಗೆ ಬಿದ್ದು ಅವನು ಹೊರಟುಹೋದ. ತಾಯಿಯನ್ನು ಹಳಿಯಲು ಮನಸ್ಸು ಬಾರದು, ಅವಳದು ಪ್ರೀತಿಯೇ. ಆದರೆ ಇಂದಿನ ನಮ್ಮ ಮನೆಗಳಲ್ಲಿ ಮಗು ಅತ್ತ ಕೂಡಲೇ ಕೈಗೆ ಬರುವ ಮೊಬೈಲು ಅಂಥದೇ ಒಂದು ರತ್ನದ ಬೆಳಕು. ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅಳುವ ಅವಕಾಶವನ್ನೇ ಕಾಣದ ಮಗು ಅಳುವನ್ನು ದಾಟುವುದನ್ನೂ ಕಲಿಯಲಾರದು. ಮಳೆ ಹೋದ ವರ್ಷ, ಟ್ಯಾಂಕರಿನ ನೀರಿಗೆ ಕಾಯುವ ವರ್ಷ, ತಂದೆ ದುಡಿಯಲು ಹೊರಗೆ ಹೋದ ವರ್ಷ ಮನೆಯ ಕಷ್ಟವನ್ನು ಮಗುವಿನಿಂದ ಪೂರ್ತಿ ಮುಚ್ಚಿಡಲು ಆಗುವುದೂ ಇಲ್ಲ. ದೊಡ್ಡವರ ಸಪ್ಪೆ ಮುಖಕ್ಕೆ ತಾನೇ ಕಾರಣವೆಂದು ಚಿಕ್ಕ ಮಕ್ಕಳು ತಿಳಿಯುವುದುಂಟು. ‘ಬೆಳೆ ಬರಲಿಲ್ಲವೆಂದು ಅಪ್ಪನಿಗೆ ಚಿಂತೆ, ನಿನ್ನ ಮೇಲೆ ಸಿಟ್ಟಿಲ್ಲ’ ಎಂಬ ಎರಡು ಮಾತು ಹೇಳಬೇಕು.

ಪರ್ವದ ಕೊನೆಯಲ್ಲಿ ನಾವೆಲ್ಲ ಕ್ಷಮಾವಾಣಿಯ ದಿನ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತೇವೆ. ಶ್ವೇತಾಂಬರ ಬಂಧುಗಳು ಸಂವತ್ಸರಿಯಂದು ಕೇಳುತ್ತಾರೆ. ವ್ಯವಹಾರಸ್ಥರಿಗೆ, ಬೀಗರಿಗೆ ಫೋನು ಹೋಗುತ್ತದೆ. ಮನೆಯ ಚಿಕ್ಕ ಮಗುವಿನ ಮುಂದೆ ಕುಳಿತು, ‘ಅವತ್ತು ನಿನ್ನ ಮೇಲೆ ಕೂಗಿದೆ, ಅದು ತಪ್ಪಾಯಿತು’ ಎಂದು ಕೇಳುವ ತಂದೆ ಎಷ್ಟು ಜನ? ಈ ವರ್ಷ ಕೇಳಿ ನೋಡಬಹುದು. ಮನೆಯ ಮಾತಿನಲ್ಲಿಯೇ ಕೇಳಬೇಕು.

ಉತ್ಸವದ ದಿನಗಳಲ್ಲಿ ಪೂಜೆ ದೀರ್ಘವಾದಾಗ ಚಿಕ್ಕ ಮಕ್ಕಳು ಚಡಪಡಿಸುತ್ತಾರೆ. ಅವರನ್ನು ಗದರಿಸಿ ಕೂರಿಸುವ ಬದಲು 24 ತೀರ್ಥಂಕರರ ಲಾಂಛನಗಳ ಆಟವನ್ನು ಆಡಿಸಬಹುದು. ವೃಷಭನಾಥರಿಗೆ ಎತ್ತು, ಅಜಿತನಾಥರಿಗೆ ಆನೆ, ಸಂಭವನಾಥರಿಗೆ ಕುದುರೆ, ಶಾಂತಿನಾಥರಿಗೆ ಜಿಂಕೆ, ಮುನಿಸುವ್ರತರಿಗೆ ಆಮೆ, ಪಾರ್ಶ್ವನಾಥರಿಗೆ ಹಾವು, ಮಹಾವೀರರಿಗೆ ಸಿಂಹ. ಹಾಳೆಯ ಮೇಲೆ ಚಿತ್ರ ಬರೆದು ಮಕ್ಕಳ ನಡುವೆ ಹರಡಿದರೆ ಸಾಕು. ಆಯಿ ‘ಆಮೆ ಎಲ್ಲಿ?’ ಎಂದು ಕೇಳಲಿ. ಮರಾಠಿ ಮನೆಯ ಹುಡುಗಿ ‘ಕಾಸವ’ ಎನ್ನಲಿ. ಗುಜರಾತಿ ಮನೆಯ ಹುಡುಗ ‘ಕಾಚಬೋ’ ಎನ್ನಲಿ. ಆಮೆ ತಲೆಯನ್ನು ಯಾಕೆ ಒಳಗೆ ಎಳೆದುಕೊಳ್ಳುತ್ತದೆ ಎಂದು ಅವರನ್ನೇ ಕೇಳಬೇಕು. ಹೆದರಿಕೆಗೆ ಎಂದು ಒಬ್ಬ ಹೇಳಿದರೆ, ನಿನಗೂ ಹಾಗೆ ಯಾವಾಗಲಾದರೂ ಆಗಿದೆಯೇ ಎಂದು ಮುಂದಿನ ಪ್ರಶ್ನೆ ಕೇಳಿ, ಅವನು ಯಾವ ಭಾಷೆಯಲ್ಲಿ ಹೇಳಿದರೂ ಪೂರ್ತಿ ಕೇಳಿಸಿಕೊಳ್ಳುವುದು.